ಶನಿವಾರ ಬಂದ ಕನೋಲಾ ಎಣ್ಣೆ

ಗೆಳೆಯರೇ, ಇನ್ನು ಮನೆಯ ಅಡುಗೆಗೆಲ್ಲ ಕನೋಲಾ ಎಣ್ಣೆಯೇ ಎಂದು ತೀರ್ಮಾನಿಸಿ ಆನ್‌ಲೈನಿನಲ್ಲಿ ತರಿಸಿದ್ದೆ. ಇವತ್ತು ಬೆಳಿಗ್ಗೆ ಕ್ಯಾನ್ ಬಂತು. ಮೈಸೂರಿನಿಂದ ಬಂದಿರುವ ನಮ್ಮತ್ತೆ ಹೊಸ್ತಿಲಲ್ಲೇ ತಡೆದರು.

"ಶನಿವಾರ ಎಣ್ಣೆ ತಂದ್ರೆ ಶನಿ ಜೊತೇಲೇ ಒಳಗೆ ಬರ್ತಾನೆ ಕಣಮ್ಮ!"

"ಅತ್ತೆ, ಕೇಕ್ ಮಾಡೋಣ ಅಂತಿದ್ದೆ."

"ನಾಳೆ ಮಾಡು."

ಮುಂಬೈನ ಚೆಂಬೂರಿನ ಬಿಸಿಲಲ್ಲಿ ವಾದ ಬೇಡವೆಂದು ಕ್ಯಾನನ್ನು ಎದುರು ಫ್ಲ್ಯಾಟಿನ ಮರಾಠಿ ಆಂಟಿಗೆ, ಅಂದರೆ ನಾವು ಕರೆಯುವ ಕಾಕುವಿಗೆ, ಕೊಟ್ಟೆ. ನಾಳೆಯವರೆಗೆ ಇಟ್ಟುಕೊಳ್ಳಿ, ಬೇಕಿದ್ದರೆ ಬಳಸಿ ಎಂದೆ.

ಸಂಜೆ ಕಾಕು ಅದೇ ಎಣ್ಣೆಯಲ್ಲಿ ಮಾಡಿದ ಕೇಕ್ ತಂದುಕೊಟ್ಟರು. ಹಾಗೆಂದು ಅವರೇ ಹೇಳಿದರು. ಅತ್ತೆ ನಿಧಾನವಾಗಿ ಎರಡನೇ ತುಂಡಿಗೆ ಕೈಹಾಕಿದರು.

"ಅತ್ತೆ, ಇವತ್ತು ಶನಿವಾರ..."

"ಎಣ್ಣೆ ತರಬಾರ್ದು ಅಂದೆ. ಕೇಕ್ ತರಬಾರ್ದು ಅಂದ್ನಾ?"

ಕ್ಯಾನ್ ಇನ್ನೂ ಎದುರು ಮನೆಯಲ್ಲೇ ಇದೆ. ನಮ್ಮ ಪಾಲಿನ ಶನಿಯೂ ಅಲ್ಲೇ ಕೂತು ಕೇಕ್ ತಿನ್ನುತ್ತಿರಬೇಕು.