ಸುಂದರ ಅರ್ಧಕ್ಕೆ ಬಿಟ್ಟ ಮೀನಿನ ಕಥೆ

ಆ ಬುಧವಾರ ಸುಂದರ ಗಲ್ಫಿನಲ್ಲಿ ತಾನು ಕೆಲಸ ಮಾಡುವ ಶುವೈಖಿನ ಗ್ಯಾರೇಜಿನಿಂದ ಬರುವಾಗ ಒಂದು ಕಥೆ ತಂದಿದ್ದ. ಯಾರದೋ ಕಾರಿನ ಬಾನೆಟ್ ಎತ್ತಿದರೆ ಒಳಗೆ ಬೆಕ್ಕು ಮರಿ ಹಾಕಿತ್ತಂತೆ. ಚಹಾ ಕುಡಿಯುವಾಗ ಮರಿಗಳು ನಾಲ್ಕಿದ್ದವು. ಊಟಕ್ಕೆ ಕೂರುವಷ್ಟರಲ್ಲಿ ಒಂಬತ್ತಾದವು.

"ಆಗ ನಾಲ್ಕು ಅಂದದ್ದಲ್ವಾ ನೀವು?" ಎಂದಳು ಹೆಂಡತಿ ಉಮಾವತಿ.

"ಮರಿಗಳಲ್ವಾ ಮಾರಾಯ್ತಿ, ಹೆಚ್ಚಾಗ್ತಾ ಹೋಗ್ತವೆ."

ಮಗಳು ನವ್ಯಶ್ರೀ ನಕ್ಕು ನಕ್ಕು ಅನ್ನ ನೆತ್ತಿಗೇರಿಸಿಕೊಂಡಳು. ಉಮಾವತಿ ನಗಲಿಲ್ಲ. ಕಂಡದ್ದನ್ನು ಕಂಡಷ್ಟೇ ಹೇಳುವವಳು ಅವಳು.

ಮರುದಿನ ಇರಾಕಿನ ಸೇನೆ ಗಡಿ ದಾಟಿ ಒಳಗೆ ಬಂದಿತು. ಖೈತಾನಿನಲ್ಲಿ ಅವರು ಇದ್ದ ಬಿಲ್ಡಿಂಗಿಗೆ ಸುದ್ದಿ ಮುಟ್ಟುವ ಮೊದಲೇ ಸುಂದರನನ್ನು ಹತ್ತಿಸಿಕೊಂಡು ಗ್ಯಾರೇಜಿನ ಪಿಕಪ್ ಹೊರಟಾಗಿತ್ತು. ದಾರಿಯಲ್ಲಿ ಸೇನೆಯ ಲಾರಿ ಗುದ್ದಿತು. ಸುಂದರ ಅಲ್ಲೇ ಹೋದ.

ಹತ್ತು ದಿನದ ಮೇಲೆ ಬಾವಾಕುಂಞಿ ಬಂದ. ಸುಂದರನ ಜೊತೆಗೆ ಕೆಲಸ ಮಾಡುತ್ತಿದ್ದವ, ಪಿಕಪ್ಪಿನಲ್ಲಿ ಪಕ್ಕದಲ್ಲೇ ಕುಳಿತಿದ್ದವ. ಕೈಗೆ ಪ್ಲಾಸ್ಟರ್ ಹಾಕಿತ್ತು.

ಉಮಾವತಿಗೆ ಒಂದೇ ಒಂದು ವಿಷಯ ಬೇಕಿತ್ತು. "ಕಡೆಗೆ ಎಂತ ಹೇಳಿದ್ರು ಅವರು?"

"ನಿಮ್ಮ ಹೆಸರು ಹಿಡಿದು ಕರೆದ ಅಕ್ಕ. ಉಮಾವತಿ ಅಂತ."

"ಸುಳ್ಳು," ಎಂದಳು. ಒಂಬತ್ತು ವರ್ಷದಲ್ಲಿ ಸುಂದರ ಅವಳನ್ನು ಹೆಸರು ಹಿಡಿದು ಕರೆದದ್ದಿಲ್ಲ. ಮಾರಾಯ್ತಿ, ಇಲ್ಲವಾದರೆ ಬಾಗಿಲಲ್ಲೇ ಒಂದು ಕೆಮ್ಮು. "ನನಗೆ ಸಮಾಧಾನ ಬೇಡ ಬ್ಯಾರಿಗಳೇ. ಉಂಟಾದ್ದು ಹೇಳಿ."

ಬಾವಾಕುಂಞಿ ತಲೆ ತಗ್ಗಿಸಿದ. "ಕರೆದ ಅಂದದ್ದು ನಾನು ಸೇರಿಸಿದ್ದು ಅಕ್ಕ. ಹೆಸರು ಹೇಳಿದ್ದು ಸುಳ್ಳಲ್ಲ. ಅವನು ಕಥೆ ಹೇಳ್ತಿದ್ದ, ನಾವು ನಗಾಡ್ತಿದ್ದೆವು. 'ನಮ್ಮ ಉಮಾವತಿ ಉಂಟಲ್ಲ' ಅಂತ ಅವನು ಶುರು ಮಾಡಿದ್ರೆ ಗ್ಯಾರೇಜಿನಲ್ಲಿ ಎಲ್ಲರೂ ಕೆಲಸ ನಿಲ್ಲಿಸಿ ಪಾನಾ ಕೆಳಗಿಡ್ತಿದ್ರು."

"ನನ್ನ ಕಥೆಯಾ?"

"ದಿನಾ ನಿಮ್ಮದೇ. ಅವತ್ತು ಮೀನಿನ ಅಂಗಡಿಯದ್ದು. ಅಂಗಡಿಯವ ಹಾಳು ಮೀನು ಕೊಟ್ಟನಂತೆ. 'ಉಮಾವತಿ ಬಿಡ್ತಾಳಾ? ಆ ಮೀನನ್ನು ಎತ್ತಿ...' ಅಂದ. ಅಷ್ಟೇ ಅಕ್ಕ. ಲಾರಿ ಬಂತು."



"ಎತ್ತಿ ಎಂತ ಮಾಡಿದೆನಂತೆ?"

"ಅದು ಅವನಿಗೇ ಗೊತ್ತು."

ನಿಜವಾಗಿ ಅವಳು ಮೀನು ಎತ್ತಿರಲೇ ಇಲ್ಲ. ಅಂಗಡಿಯವನ ಮುಂದೆ ಬಾಯಿ ಬಾರದೆ, ಹಾಳು ಮೀನನ್ನೇ ಮನೆಗೆ ತಂದು ಅಡಿಗೆ ಕೋಣೆಯಲ್ಲಿ ನಿಂತು ಅತ್ತಿದ್ದಳು. ಸುಂದರ ಅದನ್ನು ನೋಡಿದ್ದ. ನೋಡಿಯೂ ಜೊತೆಯವರಿಗೆ ಹೇಳಿದ್ದು ಬೇರೆ ಉಮಾವತಿಯ ಕಥೆ. ಅದು ತಿಳಿದ ಮೇಲೆ ಅವಳಿಗೆ ಅಳು ಬಂತು. ಹತ್ತು ದಿನ ಬಾರದ ಅಳು.

ಬಿಲ್ಡಿಂಗಿನವರು ಹೆಚ್ಚಿನವರು ಬಸ್ ಹತ್ತಿ ಊರಿಗೆ ಹೋದರು. ಅವಳು ಹೋಗಲಿಲ್ಲ. ಸುಂದರ ಇಲ್ಲಿನ ಮಣ್ಣಿನಲ್ಲಿದ್ದ. ಮುಂದಿನ ವರ್ಷ ಯುದ್ಧ ಮುಗಿಯಿತು, ಎಣ್ಣೆ ಬಾವಿಗಳಿಗೆ ಬೆಂಕಿ ಬಿತ್ತು. ಬೆಳಿಗ್ಗೆ ಎದ್ದರೆ ಕಿಟಕಿಯ ಗಾಜಿನ ಮೇಲೆ ಕಪ್ಪು ಜಿಡ್ಡು. ಸೋಪಿನ ನೀರಿನಲ್ಲಿ ದಿನಾ ಒರೆಸುತ್ತಾಳೆ. ನವ್ಯಶ್ರೀ ಹತ್ತಿರ ಬಂದು ಕೂರುತ್ತಾಳೆ.

"ಉಮಾವತಿ ಮೀನು ಎತ್ತಿದಳು. ದೆನ್?"

"ಮತ್ತೆ ಉಮಾವತಿ ಅದನ್ನು ಅಂಗಡಿಯವನ ಅಂಗಿ ಜೇಬಿಗೆ ತುರುಕಿದಳು."

"ನಿನ್ನೆ ತಕ್ಕಡಿಗೆ ಎಸೆದಳು ಅಂದಿ!"

"ನಿನ್ನೆಯದ್ದು ಬೇರೆ ಮೀನು," ಎಂದು ಬಟ್ಟೆ ಹಿಂಡಿ ಎರಡನೇ ಗಾಜು ಒರೆಸತೊಡಗುತ್ತಾಳೆ.