ಮಾದರಿಗಿಂತ ಒಳ್ಳೆಯ ಮಚ್ಚು

ಈ ಮಚ್ಚಿಗೆ ಕೊಳ್ಳೇಗಾಲದ ಗುಜರಿ ಅಂಗಡಿಯಲ್ಲಿ ಮುನ್ನೂರೈವತ್ತು ರೂಪಾಯಿ ಕೊಟ್ಟೆ. ತುಕ್ಕು ಹಿಡಿದ ಕಬ್ಬಿಣಕ್ಕೆ ಅದು ಜಾಸ್ತಿಯೇ. ಗುಂಡುಸೂಜಿ ಡಬ್ಬಿಗೂ ಚೌಕಾಸಿ ಮಾಡುವ ನಾನು ಅವತ್ತು ಬಾಯಿ ಬಿಡಲಿಲ್ಲ. ತುದಿಯಲ್ಲಿ ಗಿಳಿಮೂತಿಯ ಹಾಗೆ ಬಾಗಿದ ಕೊಕ್ಕೆ. ಹಿಡಿಯನ್ನು ಮೂಸಿದರೆ ಇನ್ನೂ ಹರಳೆಣ್ಣೆಯ ವಾಸನೆ... ಹಾಗೆ ಬಾಗಿಸುತ್ತಿದ್ದ ಕೈ ಒಂದೇ ಒಂದು.

ಮಾಂಬಳ್ಳಿ ರಸ್ತೆಯಲ್ಲಿ ಕುಲುಮೆ ಇಟ್ಟಿದ್ದ ಆಚಾರ್ರದು. ವಯಸ್ಸಿನಲ್ಲಿ ನನ್ನ ತಂದೆಯಷ್ಟು. ಅವರು ಬಡಿದ ಕುಡುಗೋಲು, ಮಚ್ಚುಗಳನ್ನು ಕೊಂಡು ನಾನು ಸರ್ಕಾರಿ ಕಚೇರಿಗಳಿಗೆ ಸರಬರಾಜು ಮಾಡುತ್ತಿದ್ದೆ. ಬಿಲ್ಲಿನ ಮೇಲೆ ನನ್ನ ಅಂಗಡಿಯ ಹೆಸರು. ಸೈಕಲ್ಲಿನಲ್ಲಿ ಟೀ ಪುಡಿ ಮಾರಿ ಶುರು ಮಾಡಿದವನು ನಾನು. ಟೆಂಡರು ಕಲಿತದ್ದು ಪೆಟ್ಟು ತಿಂದೇ.

ಒಂದು ದಿನ ಆಚಾರ್ರೇ ನನ್ನ ಅಂಗಡಿಗೆ ಬಂದರು.

"ಸಾವ್ಕಾರ್ರೇ, ಮೂವತ್ ವರ್ಸದಿಂದ ಬಡೀತಾವ್ನಿ. ಒಂದ್ ಸಲನಾದ್ರೂ ಮಾಲು ನನ್ ಎಸ್ರಲ್ಲಿ ಓಗ್ಬೇಕು ಕಣ್ರಿ."

"ಅದಕ್ಕೆ ಕಂಪ್ಯೂಟ್ರು ಬೇಕು ಆಚಾರ್ರೇ, ಸುತ್ತಿಗೆ ಸಾಲ್ದು" ಎಂದು ನಕ್ಕೆ.

"ಅದ್ಕೇ ನಿಮ್ತಾವ್ ಬಂದಿರಾದು. ಸುತ್ತಿಗೆ ನಂದು, ಕಂಪ್ಯೂಟ್ರು ನಿಮ್ದು."

ನೋಂದಣಿ, ಡಿಜಿಟಲ್ ಸಹಿ, ಠೇವಣಿ ಎಲ್ಲ ನಾನೇ ಮಾಡಿಸಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಕಾಡ್ಗಿಚ್ಚು ಹಬ್ಬದಂತೆ ಬೇಸಿಗೆಗೆ ಮುಂಚೆ ಬೆಂಕಿ ರೇಖೆ ಸವರಲು ಅರಣ್ಯ ಇಲಾಖೆಗೆ ನೂರು ಮಚ್ಚು ಬೇಕಿತ್ತು. ಎಷ್ಟು ದರ ಹಾಕಬೇಕೆಂದು ಅರ್ಧ ದಿನ ಕೂರಿಸಿಕೊಂಡು ಹೇಳಿಕೊಟ್ಟೆ. ಓದು ಬಾರದ ಅವರಿಗೆ ನಾನು ಓದಿ ಹೇಳಿದ್ದು ದರದ ಪುಟ ಒಂದನ್ನೇ... ಅವರದೇ ಕಡಿಮೆ ದರ ಬಂತು. ಅವರು ಬಡಿದುಕೊಟ್ಟ ನೇರ ತುದಿಯ ಮಾದರಿ ಮಚ್ಚೊಂದು ಒಪ್ಪಿಗೆಯಾಗಿ, ಬಟ್ಟೆ ಸುತ್ತಿ, ಅರಗಿನ ಮುದ್ರೆ ಬಿದ್ದು, ಕಚೇರಿಯ ಬೀರು ಸೇರಿತು.

ನಡುವೆ ಒಮ್ಮೆ ಕುಲುಮೆಗೆ ಹೋದಾಗ ನೋಡಿದೆ, ಮಚ್ಚುಗಳ ತುದಿಗೆ ಕೊಕ್ಕೆ ಬಂದಿತ್ತು. ಕತ್ತಿ ಸಾಣೆ ಹಿಡಿಸಲು ಬಂದಿದ್ದ ಕಾಡಿನ ವಾಚರ್ ಒಬ್ಬ, ಲಾಂಟಾನ ಪೊದೆ ಕಡಿಯುವಾಗ ಕೈಗೆಲ್ಲ ಮುಳ್ಳು ಗೀರುತ್ತದೆ ಎಂದು ತೋರಿಸಿದ್ದನಂತೆ.

"ಈಗ ನೋಡಿ, ಕೊಕ್ಕೇಲಿ ಎಳ್ಕಂಡು ಕಡೀಬೋದು. ಕೈ ಪೊದೆ ಒಳೀಕೆ ಓಗಂಗೇ ಇಲ್ಲ."

"ಭೇಷ್ ಆಚಾರ್ರೇ" ಅಂದೆ. ಟೀ ಕುಡಿದು ಎದ್ದು ಬಂದೆ. ಬೀರುವಿನಲ್ಲಿದ್ದ ಮಾದರಿ ನೆನಪಿಗೇ ಬರಲಿಲ್ಲ.

ಮಾಲು ಒಪ್ಪಿಸುವ ದಿನ ಅಧಿಕಾರಿ ಅರಗು ಒಡೆದು, ಮಾದರಿಯ ಪಕ್ಕ ಹೊಸದನ್ನಿಟ್ಟು ನೋಡಿದರು.

"ಯಜಮಾನ್ರೇ, ಇದು ಅದಕ್ಕಿಂತ ಚೆನ್ನಾಗಿದೆ. ಆದ್ರೆ ನಾವು ಒಪ್ಪಿದ್ದು ಅದನ್ನ."

"ಒಳ್ಳೇದ್ ಮಾಡ್ಕೊಟ್ರೂ ತಪ್ಪಾ ಸಾ?"

"ತಪ್ಪು ಅಂತಲ್ಲ, ಬೇರೆ ಆಯ್ತು. ನಾಳೆ ಇನ್ನೊಬ್ಬ ಕೆಟ್ಟದ್ದು ತಂದು ಒಳ್ಳೇದು ಅಂದ್ರೆ ನಾನೇನು ಮಾಡ್ಲಿ?"

ಅವರ ಮಾತಿನಲ್ಲಿ ನ್ಯಾಯವಿತ್ತು. ಸರಿಮಾಡಿ ತರಲು ಹದಿನೈದು ದಿನ ಕೊಟ್ಟರು.

"ಕೊಕ್ಕೆ ಕತ್ತರಿಸಿಬಿಡಿ, ನಿಮ್ಮ ಹೆಸರು ಉಳಿಯುತ್ತೆ" ಎಂದೆ. ಕುಲುಮೆಯಲ್ಲಿ ಆಚಾರ್ರು ಒಂದು ಮಚ್ಚನ್ನು ಕಾಯಿಸಿ ಅಡಿಗಲ್ಲಿನ ಮೇಲಿಟ್ಟು ಉಳಿ ಹಿಡಿದರು. ಸುತ್ತಿಗೆ ಎತ್ತಿದರು... ಬಡಿಯದೆ ಇಳಿಸಿದರು.

"ಆ ವಾಚರ್ ಕೈ ಕಣ್ಮುಂದೆ ಬತ್ತದೆ ಸಾವ್ಕಾರ್ರೇ. ಓಗ್ಲಿ ಬುಡಿ."

ಆದೇಶ ರದ್ದಾಯಿತು, ಠೇವಣಿ ಹೋಯಿತು. ಆ ನೂರು ಮಚ್ಚನ್ನು ಅವರು ಹನೂರು ಸಂತೆಗೆ ಹೊತ್ತರು. ಶಾಗ್ಯದ ಕಡೆಯ ಜನ ಮುಗಿಬಿದ್ದು ಕೊಂಡರು. ಯಾರ ಮಾಲು ಎಂದು ಒಬ್ಬರೂ ಕೇಳಲಿಲ್ಲ.

ಆಚಾರ್ರು ನನ್ನನ್ನು ದೂರಲಿಲ್ಲ. ಎದುರು ಸಿಕ್ಕರೆ "ಕಂಪ್ಯೂಟ್ರು ಚೆನ್ನಾಗದಾ?" ಎಂದು ನಗುತ್ತಿದ್ದರು. ಆಮೇಲೆ ಅವರು ತೀರಿಕೊಂಡರು. ಕುಲುಮೆಯ ಜಾಗದಲ್ಲಿ ಈಗ ಪಂಕ್ಚರ್ ಅಂಗಡಿ. ಈ ಮಚ್ಚು ನನ್ನ ಕಂಪ್ಯೂಟರಿನ ಮೇಲೆ ನೇತಾಡುತ್ತಿದೆ. ಟೆಂಡರು ತೆರೆದಾಗಲೆಲ್ಲ ಕಣ್ಣಿಗೆ ಬೀಳುತ್ತದೆ, ನನಗೆ ಮೊದಲಿನ ಹುರುಪಿಲ್ಲ.

ಸರ್ಕಾರಕ್ಕೆ ಮಾಲು ಮಾರಲು ಹೊರಟಿದ್ದೀರಾ? ದರ ಆಮೇಲೆ, ಮೊದಲು ಮಾಲಿನ ವಿವರ ಓದಿ. ನಿಮ್ಮ ಕೈಯಲ್ಲಿ ಅದಕ್ಕಿಂತ ಒಳ್ಳೆಯದಿದ್ದರೆ, ಪ್ರಶ್ನೆ ಕೇಳಲು ಟೆಂಡರಿನಲ್ಲಿ ಕೊಟ್ಟ ಗಡುವಿನೊಳಗೆ ಬರೆದು ಕೇಳಿ. ಮಾದರಿಗೆ ಮುದ್ರೆ ಬಿದ್ದ ಮೇಲೆ, ಲಿಖಿತ ಒಪ್ಪಿಗೆ ಇಲ್ಲದೆ ಕೂದಲೆಳೆಯಷ್ಟೂ ಬದಲಿಸಬೇಡಿ. ಓದಲು ಬಾರದಿದ್ದರೆ ಬಲ್ಲವರಿಂದ ಪ್ರತಿ ಪುಟವನ್ನೂ ಓದಿಸಿ. ಆ ಬಲ್ಲವನು ನನ್ನಂತೆ ಟೀ ಕುಡಿದು ಎದ್ದರೆ, ಇನ್ನೊಂದು ಟೀ ತರಿಸಿ ಕೂರಿಸಿ.