ಕಿಟಕಿಗೆ ಕಟ್ಟಿದ ನಕಾಶೆ

ಪುಕ್ಕಟೆ ಸಿಕ್ಕಿದ್ದನ್ನು ಬಿಡುವ ಆಸಾಮಿ ನಾನಲ್ಲ. ಜಮಖಂಡಿಯಿಂದ ಬನಹಟ್ಟಿಯ ಶಾಲೆಗೆ ಹೋಗುವ ಬಸ್ಸಿನಲ್ಲಿ ಸೀಟು ಹಿಡಿದು ಕುಳಿತರೆ, ಪಾಠಕ್ಕೆ ಬೇಕಾದ ಉಚಿತ ಆ್ಯಪು, ವೆಬ್‌ಸೈಟು ಹುಡುಕುವುದೇ ಆ ವರ್ಷ ನನ್ನ ಕೆಲಸವಾಗಿತ್ತು. ಒಂದರಲ್ಲಿ ಎರಡು ನಿಮಿಷಕ್ಕೆ ಕ್ವಿಜ್ ತಯಾರಾಗುತ್ತಿತ್ತು. ಇನ್ನೊಂದರಲ್ಲಿ ಭೂಗೋಳ ಗಿರ್ರನೆ ತಿರುಗಿ, ಆಕಾಶದಿಂದ ಇಳಿದು ನಮ್ಮ ಶಾಲೆಯ ಮಾಳಿಗೆಯನ್ನೇ ತೋರಿಸುತ್ತಿತ್ತು. ಆನ್‌ಲೈನ್ ತರಬೇತಿ ಮುಗಿದಾಗೊಮ್ಮೆ ಒಂದು ಸರ್ಟಿಫಿಕೇಟು. ಅದನ್ನು ಮಾಸ್ತರರ ಗ್ರೂಪಿಗೆ ಹಾಕಿ, ಯಾರು ಹೆಬ್ಬೆರಳು ಒತ್ತಿದರು, ಯಾರು ಹೊಟ್ಟೆಕಿಚ್ಚಿಗೆ ಸುಮ್ಮನಿದ್ದರು ಎಂದು ನೋಡುವಷ್ಟರಲ್ಲಿ ಬನಹಟ್ಟಿ ಬಂದಿರುತ್ತಿತ್ತು.

ಜೂನಿನಲ್ಲಿ ಹೆಡ್‌ಮಾಸ್ತರರು ಏಳನೆಯ ತರಗತಿಯ ಸಮಾಜ ವಿಜ್ಞಾನವನ್ನು ನನಗೆ ಕೊಟ್ಟರು. ಅಲ್ಲಿಯವರೆಗೆ ಐದು, ಆರು, ಏಳನೆಯ ತರಗತಿಗಳಿಗೆ ಅದನ್ನು ಕಲಿಸುತ್ತಿದ್ದವರು, ಊರೆಲ್ಲ ಅಕ್ಕಾರು ಎಂದೇ ಕರೆಯುತ್ತಿದ್ದ ಹಿರಿಯ ಶಿಕ್ಷಕಿ. ಅವರನ್ನು ಒಂದನೆಯ ತರಗತಿಗೆ ಕಳಿಸಿದರು. ದಾನಿಯೊಬ್ಬರು ಕೊಟ್ಟ ಪ್ರೊಜೆಕ್ಟರ್ ಆಫೀಸಿನಲ್ಲಿ ಧೂಳು ತಿನ್ನುತ್ತಿತ್ತು. ಅದನ್ನು ಒರೆಸಿ ತಂದು ಗೋಡೆಗೆ ಬೆಳಕು ಬಿಟ್ಟೆ. ಆದರೆ ಪಡುವಣದ ದೊಡ್ಡ ಕಿಟಕಿಯಿಂದ ಬಿಸಿಲು ಬಂದು ಚಿತ್ರ ಮಸುಕಾಗುತ್ತಿತ್ತು.

ಕಪಾಟಿನಲ್ಲಿ ಅಕ್ಕಾರು ಹೊಲಿದಿದ್ದ ಬಟ್ಟೆಯ ನಕಾಶೆ ಇತ್ತು. ನೇಕಾರರ ಮನೆಯ ಮಗಳು ಅವರು. ಗಂಜಿ ಹಾಕಿ ಬಿರುಸು ಮಾಡಿದ ಎರಡು ಪದರಿನ ಬಟ್ಟೆಯ ಮೇಲೆ ನಮ್ಮ ಸೀಮೆಯನ್ನೆಲ್ಲ ಇಳಿಸಿದ್ದರು. ಕೃಷ್ಣಾ ಹೊಳೆಗೆ ನೀಲಿ ನೂಲಿನ ದಪ್ಪ ಜಡೆ, ಘಟಪ್ರಭೆಗೆ ಸಣ್ಣ ಜಡೆ. ಜಮಖಂಡಿ, ಮುಧೋಳ, ಬೀಳಗಿಗೆ ಕೋಟಿನ ದೊಡ್ಡ ಗುಂಡಿಗಳು, ತೇರದಾಳ, ಬಾಡಗಂಡಿಗೆ ಅಂಗಿಯ ಸಣ್ಣ ಗುಂಡಿಗಳು. ನನ್ನ ಕಣ್ಣಿಗೆ ಕಂಡದ್ದು ಬಟ್ಟೆಯ ದಪ್ಪ ಮಾತ್ರ. ಕಿಟಕಿಯ ಪರದೆಗೆ ಹೇಳಿ ಮಾಡಿಸಿದಂತಿತ್ತು.

"ಅಕ್ಕಾರ, ಇದನ್ನ ಪಡದಿ ಮಾಡ್ಕೊತೇನ್ರಿ," ಎಂದೆ. ಕೇಳಿದೆ ಎನ್ನಲಾರೆ, ಹೇಳಿದೆ.

"ತಗೊಳ್ರಿ ಸರ. ಆದ್ರ ಒಂದ ಮಾತು..."

ಅಷ್ಟರಲ್ಲಿ ತರಬೇತಿಯ ಹಾಜರಿ ಲಿಂಕು ಬಂತು. "ಆಮ್ಯಾಲ ಹೇಳ್ರಿ ಅಕ್ಕಾರ," ಎಂದು ಮೊಬೈಲಿಗೆ ಮುಖ ಹಾಕಿದೆ. ಮರುದಿನ ಚಹದ ಹೊತ್ತಿಗೆ ಎಲ್ಲರೆದುರು, "ಇನ್ನ ನಿಮ್ಮ ಸೂಜಿ ದಾರಕ್ಕ ರಜಾ ಕೊಟ್ಟಬಿಡ್ರಿ," ಎಂದು ಚೇಷ್ಟೆ ಮಾಡಿದೆ. ಎಲ್ಲರೂ ನಕ್ಕರು, ಅಕ್ಕಾರೂ ನಕ್ಕರು. ಆ ಒಂದು ಮಾತು ಏನೆಂದು ನಾನು ಮತ್ತೆ ಕೇಳಲಿಲ್ಲ.

ನಕಾಶೆಯನ್ನು ಕಿಟಕಿಗೆ ಕಟ್ಟಿದ ಮೇಲೆ ತರಗತಿಯಲ್ಲಿ ನನ್ನ ಗಾಡಿ ಜೋರಾಗಿ ಓಡುತ್ತಿತ್ತು. ಗೋಡೆಯ ಮೇಲೆ ತಮ್ಮ ಓಣಿ, ತಮ್ಮ ಮನೆಯ ತಗಡಿನ ಪತ್ರಾಸು ಕಂಡಾಗ ಮಕ್ಕಳು ಹೋ ಎಂದು ಕೂಗಿದರು. ಒಬ್ಬಳು ಮಾತ್ರ ಕೂಗಲಿಲ್ಲ. ಮುಂದಿನ ಸಾಲಿನ ಹುಡುಗಿ, ಪವರ್‌ಲೂಮ್ ನೇಯುವವನ ಮಗಳು. ಕ್ವಿಜ್ಜಿನಲ್ಲಿ ಕೈ ಎತ್ತುತ್ತಿರಲಿಲ್ಲ. ಪುಸ್ತಕ ತೆರೆದರೆ ಅದಕ್ಕೆ ಮೂಗು ಹಚ್ಚಿಯೇ ಇರುತ್ತಿದ್ದಳು. ನಿದ್ದೆ ಹೊಡೆಯಲು ಹೊಸ ಉಪಾಯ ಎಂದುಕೊಂಡೆ. ವಾರದ ಕೊನೆಗೆ ಕ್ವಿಜ್ ತಾನೇ ಕೊಡುವ ಪಟ್ಟಿಯಲ್ಲಿ ಅವಳ ಹೆಸರು ಯಾವಾಗಲೂ ತಳದಲ್ಲಿ, ಕೆಂಪು ಬಣ್ಣದಲ್ಲಿ ಇರುತ್ತಿತ್ತು. ಆ ಪಟ್ಟಿಯನ್ನೂ ಗೋಡೆಯ ಮೇಲೆ ತೋರಿಸುತ್ತಿದ್ದೆ.

ಒಂದು ದಿನ ನದಿಗಳ ಪಾಠ. ಬೀಳಗಿಯ ಹತ್ತಿರ ಕೃಷ್ಣೆಯ ಹಿನ್ನೀರು ಎಷ್ಟು ಅಗಲಕ್ಕೆ ಹಬ್ಬಿದೆ ಎಂದು ಗೋಡೆಯ ಮೇಲೆ ತೋರಿಸುತ್ತಿದ್ದೆ. ನೋಡಿದರೆ ಈ ಹುಡುಗಿ ಎದ್ದು ಹೋಗಿ ಕಿಟಕಿಯ ಬಳಿ ನಿಂತಿದ್ದಾಳೆ, ನಮಗೆಲ್ಲ ಬೆನ್ನು ಮಾಡಿ, ಎರಡೂ ಕೈ ಬಟ್ಟೆಯ ಮೇಲೆ. ನನಗೆ ರೇಗಿತು.

"ಪಾಠ ಇಲ್ಲಿ ಗ್ವಾಡಿ ಮ್ಯಾಲ ನಡದೈತಿ. ಅಲ್ಲೇನ್ ಪಡದಿ ಹಿಡಕೊಂಡ ನಿಂತಿ?"

"ಸರ, ಇಲ್ಲೂ ಹೊಳಿ ಐತ್ರಿ," ಎಂದಳು.

ದನಿಯಲ್ಲಿ ಎಂಥ ಸಂತೋಷವಿತ್ತು! ಅದು ನನಗೆ ಈಗ ಕೇಳಿಸುತ್ತದೆ. ಆವತ್ತು ಕೇಳಿಸಿದ್ದು ಉದ್ಧಟತನ. "ಬಂದ ಕೂಡು, ದಡ್ಡಿ," ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ನಗು ನಿಲ್ಲಿಸಿ ಎಂದು ನಾನು ಯಾರಿಗೂ ಹೇಳಲಿಲ್ಲ.

ದಸರಾ ರಜೆ ಮುಗಿದ ಮೇಲೆ ಅವಳು ಬರಲಿಲ್ಲ. ಹದಿನೈದು ದಿನ ಹಾಜರಿಯಲ್ಲಿ ಗೈರು ಎಂದು ಗುರುತು ಹಾಕಿದೆ, ಅಷ್ಟೇ. ಕೊನೆಗೆ ಒಂದು ಮಧ್ಯಾಹ್ನ ಅಕ್ಕಾರೇ ನನ್ನನ್ನು ವರಾಂಡದಲ್ಲಿ ನಿಲ್ಲಿಸಿದರು.

"ಆ ಹುಡುಗಿ ಸಾಲಿ ಬಿಟ್ಲಂತಲ್ರಿ ಸರ?"

"ಅಭ್ಯಾಸದಾಗ ಲಕ್ಷ್ಯ ಇಲ್ರಿ ಅಕ್ಕಾರ ಅಕಿಗಿ."

ಅಕ್ಕಾರು ನನ್ನ ಮುಖವನ್ನೇ ನೋಡಿದರು. "ಅಕಿಗಿ ಒಂದ ಮಾರು ದೂರ ಇದ್ದದ್ದು ಕಾಣೂದಿಲ್ರಿ. ಹುಟ್ಟಿದಾಗಿಂದ ಹಂಗ. ಕಣ್ಣಿಗಿ ಚಾಳೀಸಾ ಹಾಕಿದ್ರೂ ಉಪಯೋಗಿಲ್ಲಂತ ದವಾಖಾನ್ಯಾಗ ಹೇಳ್ಯಾರ. ಐದನೇ ಕ್ಲಾಸಿಗಿ ಬಂದಾಗ ಅಕಿ ಸಲುವಾಗಿನ ನಕಾಶಿ ಹೊಲದಿದ್ದೆ. ಬೆರಳಿಲೇ ಮುಟ್ಟಿ ಮುಟ್ಟಿ ಕಲ್ತು, ಎಲ್ಲಾರಕಿಂತ ಮೊದಲ ಕೈ ಎತ್ತಾಕಿರಿ. ನಿಮಗ ಗೊತ್ತೈತಿ ಅಂತ ತಿಳ್ಕೊಂಡಿದ್ದೆ. ಪುಸ್ತಕದಾಗ ಬರದಿದ್ದೆನಲ್ಲ?"

ಆಫೀಸಿಗೆ ಹೋಗಿ ತೆಗೆದು ನೋಡಿದೆ, ಬರೆದಿದ್ದರು. ಮಕ್ಕಳ ವಿವರದ ಪುಸ್ತಕದಲ್ಲಿ, ಅವಳ ಹೆಸರಿನ ಮುಂದೆ, ಅಕ್ಕಾರ ದುಂಡು ಅಕ್ಷರದಲ್ಲಿ ಎಲ್ಲವೂ ಇತ್ತು. ಕ್ವಿಜ್ಜಿಗೆ ಮಕ್ಕಳ ಹೆಸರು ಸೇರಿಸುವಾಗ ನಾನು ಇದೇ ಪುಟವನ್ನು ಮುಂದಿಟ್ಟುಕೊಂಡು ಟೈಪ್ ಮಾಡಿದ್ದೆ. ಹೆಸರಿನ ಪಕ್ಕದ ಮಾತು ಓದಿರಲಿಲ್ಲ. ಪುಸ್ತಕ ಮುಚ್ಚುವಾಗ ನನಗೆ ನನ್ನ ಮೇಲೆಯೇ ಹೇಸಿಕೆ ಬಂತು. ಆ್ಯಪಿನ ಮೇಲೆ ತಪ್ಪು ಹೊರಿಸಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ದಡ್ಡಿ ಎಂದದ್ದು ಆ್ಯಪಲ್ಲ, ನಾನು.

"ನಾನೂ ಇನ್ನೊಂದ್ಸಲ ಗಟ್ಟಿಯಾಗಿ ಹೇಳಬೇಕಾಗಿತ್ರಿ," ಎಂದರು ಹಿಂದೆಯೇ ಬಂದಿದ್ದ ಅಕ್ಕಾರು. ಅವರ ಬಾಯಿ ಮುಚ್ಚಿಸಿದವನೇ ನಾನು.

ಆ ಸಂಜೆಯೇ ಅವಳ ಮನೆ ಹುಡುಕಿಕೊಂಡು ಹೋದೆ. ಮಗ್ಗದ ಸದ್ದಿಗೆ ಓಣಿಯೇ ಅದುರುತ್ತಿತ್ತು. ಹುಡುಗಿ ಮೂಲೆಯಲ್ಲಿ ಕುಳಿತು ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ನೂಲು ಹರಿದರೆ ತಲೆ ತಗ್ಗಿಸದೆಯೇ ಬೆರಳಿನಿಂದ ತುದಿ ಹುಡುಕಿ ಗಂಟು ಹಾಕುತ್ತಿದ್ದಳು. ನನ್ನನ್ನು ಕಂಡು ಅಪ್ಪ ಮಗ್ಗ ನಿಲ್ಲಿಸಿದ.

"ಹೋದ ವರ್ಸ ದಿನಾ ಸಾಲಿಂದ ಬಂದು ನಮಗ ಪಾಠ ಹೇಳಾಕಿರಿ ಸರ. ಆ ಹೊಳಿ ಇಲ್ಲಿ, ಈ ಊರು ಅಲ್ಲಿ ಅಂತ. ಈ ವರ್ಸ ಬಾಯಿನ ಬಿಡವಲ್ಲಳು. 'ನಂಗ ತಲಿಗೆ ಹತ್ತೂದಿಲ್ಲ, ಕಂಡಿಕಿ ಸುತ್ತತೇನಿ' ಅಂತ ಕುಂತಾಳ. ನಾವೇನ್ ಬಿಡಿಸಿಲ್ರಿ."

ನಾನು ಹುಡುಗಿಯ ಹತ್ತಿರ ನೆಲಕ್ಕೆ ಕುಳಿತೆ. ಮಾಸ್ತರ ಕೆಳಗೆ ಕುಳಿತದ್ದಕ್ಕೆ ಅವಳ ಅವ್ವ ಗಾಬರಿಯಾಗಿ ಚಾಪೆ ತಂದಳು. "ನಿಂದೇನೂ ತಪ್ಪಿಲ್ಲವ್ವ. ನಿಂಗ ಕಾಣೂದಿಲ್ಲಂತ ನಾ ತಿಳ್ಕೊಳ್ಳಲಿಲ್ಲ. ನೀ ದಡ್ಡಿ ಅಲ್ಲ. ನಾಳಿಂದ ಬಾ," ಎಂದೆ.

ಅವಳು ಕೈಯಲ್ಲಿದ್ದ ನೂಲಿನ ತುದಿಗೆ ಗಂಟು ಹಾಕಿ ಮುಗಿಸಿದಳು. ಆಮೇಲೆ ಮುಖ ಎತ್ತಿದಳು.

"ಬರ್ತೇನ್ರಿ ಸರ. ಆದ್ರ ನಂಗ ಪ್ರಶ್ನೆ ಕೇಳಬ್ಯಾಡ್ರಿ."

ಎಲ್ಲರಿಗಿಂತ ಮೊದಲು ಕೈ ಎತ್ತುತ್ತಿದ್ದ ಹುಡುಗಿಗೆ, "ಆತವ್ವಾ, ಕೇಳೂದಿಲ್ಲ," ಎಂದೆ.